ಹಿಂಡಿಗೆ ಬಂದ ಚಿಗರಿ

ನನ್ನ ಬಾಯಿ ದೊಡ್ಡದು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮಂದಿ ಹೇಳುತ್ತಾರೆ. ನಾನು ರಾಯಚೂರಿನ ಸ್ಟೇಷನ್ ಕಡೆ ಹುಟ್ಟಿ ಬೆಳೆದವಳು. ಅಲ್ಲಿ ನಳದ ಮುಂದೆ ಬಾಯಿ ಇಲ್ಲದವಳ ಕೊಡ ಸಂಜೆಯಾದರೂ ತುಂಬುತ್ತಿರಲಿಲ್ಲ. ಅಂಥವಳನ್ನು ತಂದು ದೇವದುರ್ಗದ ಕಡೆಯ ಕುರಿ ಕಾಯುವ ಮನೆಗೆ ಕೊಟ್ಟರು. ಗಂಡ ರಾಯಚೂರಿನಲ್ಲೇ ಹತ್ತಿ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸಕ್ಕಿದ್ದರು, ಶನಿವಾರ ಬಂದು ಸೋಮವಾರ ಹೋಗುವವರು. ಅತ್ತೆ ತೀರಿಕೊಂಡಿದ್ದರು. ಮಾವನಿಗೆ ರೊಟ್ಟಿ ಬಡಿಯುವವರು ಬೇಕು ಅಂತ ನನ್ನನ್ನು ಹಳ್ಳಿಯಲ್ಲೇ ಬಿಟ್ಟರು. ರಾಯಚೂರಿನ ಹುಡುಗಿ ರಾಯಚೂರಿನ ಗಂಡನನ್ನು ಮದುವೆಯಾಗಿ ಹಳ್ಳಿಯಲ್ಲಿ ಕೂತಳು, ಇದೆಂಥ ನ್ಯಾಯ ಅಂತ ಮೊದಲ ವರ್ಷವಿಡೀ ಗೊಣಗಿದ್ದೇನೆ.

ಮಾವ ಮಾತ್ರ ನನ್ನ ಗೊಣಗಾಟಕ್ಕೆ ಒಂದು ದಿನವೂ ತಿರುಗಿ ಆಡಲಿಲ್ಲ. ನಾನು ಹತ್ತು ಮಾತು ಆಡಿದರೆ ಅವರದು ಒಂದು, ಅದೂ ಹೆಚ್ಚಾಗಿ ಕುರಿಗಳ ಜೊತೆ. ಹೆಗಲ ಮೇಲೆ ಕರಿ ಕಂಬಳಿ, ಹಣೆಗೆ ದೇವರ ಅರಿಸಿನದ ಭಂಡಾರ, ಕೈಯಲ್ಲಿ ಬಡಿಗೆ. ಅವರು ಕೋಪ ಮಾಡಿಕೊಂಡದ್ದನ್ನು ನಾನು ನೋಡಿದ್ದೇ ಒಂದು ಸಲ, ಅದನ್ನೇ ಈಗ ಹೇಳಹೊರಟಿರುವುದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹಿಂಗಾರಿ ಜೋಳ ಮೊಣಕಾಲುದ್ದ ಬಂದಿದ್ದ ಕಾಲ. ನಮ್ಮ ಹಿಂಡು ಮಾನ್ವಿ ರಸ್ತೆಯ ಆ ಕಡೆಯ, ಬಿತ್ತದೆ ಬಿಟ್ಟ ಎರೆ ಹೊಲದಲ್ಲಿ ಇತ್ತು. ಗೊಬ್ಬರ ಬೀಳಲಿ ಅಂತ ಹೊಲದವರೇ ಕರೆದು ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಹೊಲದ ನಡುವೆ ಬಲೆ ಕಟ್ಟಿ ಹಟ್ಟಿ ಹಾಕುವುದು, ಹಟ್ಟಿಯ ಬಾಯಿಗೆ ಒಂದು ಕಲ್ಲು ನಿಲ್ಲಿಸಿ ಭಂಡಾರ ಹಚ್ಚುವುದು, ಆ ಕಲ್ಲೇ ದೇವರು. ಹಟ್ಟಿ ಎಲ್ಲಿಗೆ ಹೋದರೆ ದೇವರು ಅಲ್ಲಿಗೆ. ಹಿಂಡಿನ ಮುಂದಾಳು ಟಗರು ಸತ್ತರೆ ಅದನ್ನು ಹೂಳಿ, ಕೊಂಬನ್ನು ಮಾತ್ರ ತಂದು ಆ ಕಲ್ಲಿನ ಮುಂದೆ ಇಡುತ್ತಿದ್ದರು. ಬೇರೆಯವರ ಮನೆಯಲ್ಲಿ ಹೀಗಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ನಮ್ಮ ಮಾವನ ಮನೆಯಲ್ಲಿ ಹೀಗೇ ನಡೆದುಬಂದಿತ್ತು.

ಆ ದಿನ ನಾನು ಬುತ್ತಿ ತೆಗೆದುಕೊಂಡು ಹೋಗಿದ್ದೆ. ಹಿಂದಿನ ದಿನ ಮಳೆಯಾಗಿ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಒಂದೊಂದು ಪಾದವೂ ಒಂದೊಂದು ಸೇರು ತೂಕವಾಗಿತ್ತು. ಮಾವ ರೊಟ್ಟಿ ಮುರಿದು ಬಾಯಿಗಿಟ್ಟಿದ್ದರು, ಅಷ್ಟರಲ್ಲಿ ಢಂ ಅಂತು. ಕುರಿಗಳೆಲ್ಲ ಒಂದೇ ಸಲ ತಲೆ ಎತ್ತಿದವು. ನೋಡುತ್ತೇನೆ, ಪಕ್ಕದ ಹೊಲದ ಜೋಳದ ನಡುವಿನಿಂದ ಒಂದು ಗಂಡು ಚಿಗರಿ, ಓದಿದವರು ಕೃಷ್ಣಮೃಗ ಅನ್ನುವುದು, ನೆಗೆಯುತ್ತ ಬರುತ್ತಿದೆ. ಬೆನ್ನು ಕಾಡಿಗೆಯ ಬಣ್ಣ, ಹೊಟ್ಟೆ ಬಿಳಿ, ತಿರುಚಿದ ಕೊಂಬು ನನ್ನ ತೋಳಿಗಿಂತ ಉದ್ದ. ಅಯ್ಯೋ, ಎಂಥ ಚೆಂದ ಅಂತ ಅಂದುಕೊಳ್ಳುವುದರೊಳಗೆ ಅದು ಹಿಂಗಾಲನ್ನು ನೆಲದ ಮೇಲೆ ಎಳೆದುಕೊಂಡು ಬರುವುದು ಕಂಡಿತು. ಓಡಿಬಂದು ಕುರಿಗಳ ನಡುವೆ ನುಗ್ಗಿ ಕುಸಿದುಬಿತ್ತು.

ಅದರ ಬೆನ್ನಿಗೇ ಜೀಪು. ಆದರೆ ಎರೆ ಹೊಲ ಜೀಪಿನ ಮಾತು ಕೇಳೀತೇ? ಗಾಲಿ ಹೂತು ನಿಂತಿತು. ಬಂದೂಕು ಹೆಗಲಿಗೇರಿಸಿಕೊಂಡು ಇಳಿದವನು ಮಾನ್ವಿಯ ಒಬ್ಬ ಸಾಹುಕಾರ. ಅವನನ್ನು ಆ ಸೀಮೆಯಲ್ಲಿ ಅರಿಯದವರಿಲ್ಲ. ಅವನ ಮನೆಯ ಪಡಸಾಲೆಯ ಗೋಡೆಯಲ್ಲಿ ಚಿಗರಿ ಕೊಂಬುಗಳು ಸಾಲಾಗಿ ಇದ್ದವಂತೆ, ಎಲ್ಲ ಅವರಪ್ಪ ನಿಜಾಮನ ಕಾಲದಲ್ಲಿ ಹೊಡೆದವು. ಆಗ ಶಿಕಾರಿಗೆ ಪರವಾನಗಿ ಸಿಗುತ್ತಿತ್ತು, ದೊಡ್ಡವರ ಮನೆಗೆ ಇನ್ನೂ ಬೇಗ ಸಿಗುತ್ತಿತ್ತು. ಮಗನಿಗೆ ತನ್ನದೂ ಒಂದು ಜೊತೆ ಆ ಸಾಲಿನಲ್ಲಿ ಇರಬೇಕೆಂಬ ಹುಚ್ಚು. ಈ ನಡುವೆ ಹೊಸ ಕಾಯಿದೆ ಬಂದು ಚಿಗರಿ ಹೊಡೆಯುವುದೇ ಅಪರಾಧವಾಗಿತ್ತು. ಆ ಸುದ್ದಿ ನಮ್ಮ ಹಟ್ಟಿಗೆ ಬಂದಿರಲಿಲ್ಲ. ಅವನಿಗೆ ಬಂದಿತ್ತೋ ಏನೋ, ಬಂದೂಕಿಗೆ ಲೈಸೆನ್ಸ್ ಇದ್ದರೆ ಸಾಕು, ಅದರಿಂದ ಏನು ಹೊಡೆದರೂ ನಡೆಯುತ್ತದೆ ಅಂತ ತಿಳಿದ ಪೈಕಿ ಅವನು.

“ಏ ಮುದುಕಾ, ಅದು ನಂದು. ಈ ಕಡಿ ಎಳಕೊಂಡು ಬಾ,” ಅಂದ.

ಮಾವ ಕೈಯಲ್ಲಿದ್ದ ರೊಟ್ಟಿ ಬುತ್ತಿಯಲ್ಲಿಟ್ಟು ಎದ್ದು ನಿಂತರು. “ಕೊಡಂಗಿಲ್ರೀ, ಸಾವ್ಕಾರ್ರ. ಹಿಂಡಿನ್ಯಾಗ ಬಂದು ಬಿದ್ದೈತಿ. ಹಿಂಡಿಗೆ ಬಂದದ್ದು ಹಿಂಡಿಂದು.”

“ಗುಂಡು ಹಾಕಿದಾಂವ ನಾನು!”

“ಗುಂಡು ನಿಮ್ದು ಇರಬೌದ್ರೀ. ಜೀವ ನಂಬಿ ಬಂದದ್ದು ನಮ್ಮ ಕಡಿಗೆ.”

“ಕೊಂಬಾದ್ರೂ ಕೊಡಲೇ. ಮಾಂಸ ನೀನ ತಿನ್ನು.”

ಆಗ ನಮ್ಮ ಮಾವ ಬಡಿಗೆ ನೆಲಕ್ಕೆ ಕುಟ್ಟಿದರು. ನಾನು ಹೇಳಿದೆನಲ್ಲ, ಅವರ ಕೋಪ ಒಂದೇ ಸಲ ನೋಡಿದ್ದೆ ಅಂತ, ಅದು ಇದೇ. “ತಿನ್ನಾಕ ಇದೇನು ಸಂತಿಗೆ ತಂದ ಮರಿ ಅಲ್ರೀ! ನಡೀರಿ ಇಲ್ಲಿಂದ!” ಅಂದರು. ನನಗೆ ಸುಮ್ಮನಿರಲಾದೀತೇ? ನಾನೂ ಸೇರಿಸಿದೆ: “ಮದ್ಲ ನಿಮ್ಮ ಜೀಪು ಎಬ್ಬಿಸ್ಕೋರಿ, ಆಮ್ಯಾಲ ಕೊಂಬಿನ ಮಾತು!” ಹೊಲದ ಆ ಕಡೆಯಿಂದ ಆಳುಗಳು ನೋಡುತ್ತಿದ್ದರು. ನಾಲ್ಕು ಜನರೆದುರು ಕುರಿ ಕಾಯುವವನು ಮತ್ತು ಅವನ ಸೊಸೆ ತನ್ನನ್ನು ಗದರಿಸಿದ್ದು ಅವನಿಗೆ ಗುಂಡಿಗಿಂತ ಜೋರಾಗಿ ತಾಗಿತು.

ಅವನು ಆಳುಗಳನ್ನು ಕರೆದು ಜೀಪು ನೂಕಿಸಿಕೊಂಡು ಹೋದ ಮೇಲೆ ಮಾವ ಚಿಗರಿಯ ಪಕ್ಕ ಕೂತರು. ನಾನು ಸೊರೆಬುರುಡೆಯಲ್ಲಿ ನೀರು ಕೊಟ್ಟೆ. ಅದರ ಮೂತಿಗೆ ಹನಿಸಿದರು, ಅದು ಕುಡಿಯಲಿಲ್ಲ. ಹೊಟ್ಟೆಯ ಗಾಯ ನನ್ನಿಂದ ನೋಡಲಾಗಲಿಲ್ಲ. “ಯವ್ವಾ, ನೀ ಹಿಂಡು ಹೊಡ್ಕೊಂಡು ಹಳ್ಳದ ಕಡಿ ನಡಿ. ನೀರು ಕುಡಿಸ್ಕೊಂಡು ಬಾ,” ಅಂದರು. ನಾನು ಹೋದೆ. ಸಂಜೆಗೆ ತಿರುಗಿ ಬಂದಾಗ ಬದುವಿನಲ್ಲಿ ಹೊಸ ಮಣ್ಣಿನ ಗುಡ್ಡೆ ಇತ್ತು, ಅದರ ಮೇಲೆ ಭಂಡಾರ ಚೆಲ್ಲಿದ್ದರು. ಕೊಂಬು ಹಟ್ಟಿಯ ಕಲ್ಲಿನ ಮುಂದೆ ಇದ್ದವು. “ಹೋತೇನ್ರಿ?” ಅಂದೆ. “ಹೋತು,” ಅಂದರು, ಅಷ್ಟೇ.

ವಾರ ಕಳೆದಿರಲಿಲ್ಲ, ಜಂಗ್ಲಾತಿನವರು ಬಂದರು. ನಮ್ಮ ಕಡೆ ಅರಣ್ಯ ಇಲಾಖೆಯವರಿಗೆ ಮೊದಲಿನಿಂದಲೂ ಹಾಗೇ ಅನ್ನುವುದು. ಬಯಲುಸೀಮೆಯಲ್ಲಿ ಇವರಿಗೇನು ಕೆಲಸ ಅಂತ ನಾನು ಬೆರಗಾಗಿ ನೋಡಿದೆ. ಕಲ್ಲಿನ ಮುಂದೆ, ಹಾಡುಹಗಲು, ಕುಂಕುಮ ಭಂಡಾರ ಹಚ್ಚಿಸಿಕೊಂಡು ಕೂತಿದ್ದವು ಆ ಕೊಂಬು. ಕಳ್ಳನಾಗಿದ್ದರೆ ಅಡಗಿಸಿಡುತ್ತಿದ್ದ. ನಮ್ಮ ಮಾವ ದೇವರ ಮುಂದೆ ಇಟ್ಟು ಹೋಗಿಬರುವವರಿಗೆಲ್ಲ ತೋರಿಸುತ್ತಿದ್ದರು.

“ಇವು ಯಾರ ಕೊಂಬು?” ಅಂದರು ಅವರ ಸಾಹೇಬರು.

“ನಮ್ಮ ಹಿಂಡಿಂದುರೀ,” ಅಂದರು ಮಾವ. ಕೇಳಿದ್ದಕ್ಕೆ ಇದ್ದದ್ದು ಹೇಳಿದ ಹಾಗೆ, ಒಂದಿಷ್ಟು ಹೆಮ್ಮೆಯಿಂದಲೂ ಕೂಡ.

ಕೈಗೆ ಬೇಡಿ ಹಾಕಿಬಿಟ್ಟರು! ಚಿಗರಿ ಕೊಂದ ಕೇಸು ಅಂದರು. ದೂರು ಕೊಟ್ಟವನು ಯಾರು ಗೊತ್ತೇ? ಅದೇ ಸಾಹುಕಾರ. “ದಾರಿಯಲ್ಲಿ ಹೋಗುತ್ತಿದ್ದೆ, ಈ ಮುದುಕ ಚಿಗರಿಯನ್ನು ಬಡಿದು ಕೊಲ್ಲುವುದನ್ನು ಕಣ್ಣಾರೆ ಕಂಡೆ” ಅಂತ ಬರೆಸಿದ್ದನಂತೆ. ಕದ್ದವನೇ ಕೂಗಿಕೊಂಡು ಊರು ಕೂಡಿಸಿದರೆ ಯಾರೇನು ಮಾಡಬೇಕು? “ಇವರ ಹತ್ರ ಬಂದೂಕು ಎಲ್ಲೈತ್ರೀ? ಗುಂಡಿನ ಗಾಯ ಆಗೇತಿ, ಅಗದು ನೋಡ್ರಿ!” ಅಂತ ಚೀರಿದೆ. ಅಗೆಸಿ ನೋಡಿದರು. ಅವರಿಗಿಂತ ಮೊದಲೇ ನರಿಗಳು ಅಗೆದಿದ್ದವು. ನಾಲ್ಕು ಎಲುಬು ಬಿಟ್ಟರೆ ಒಳಗೆ ಏನೂ ಉಳಿದಿರಲಿಲ್ಲ.

ಗಂಡ ಸುದ್ದಿ ಕೇಳಿ ಜಿನ್ನಿನಿಂದ ಓಡಿಬಂದರು. ರಾಯಚೂರಿನಲ್ಲಿ ಒಬ್ಬ ವಯಸ್ಸಾದ ವಕೀಲರನ್ನು ಹಿಡಿದೆವು. ಉರ್ದು ಶಾಲೆಯಲ್ಲಿ ಓದಿದವರು, ಕನ್ನಡ ಮಾತಾಡಿದರೂ ನಡುನಡುವೆ ಪರವಾನಗಿಗೆ ಇಜಾಜತ್ತು, ಸಾಕ್ಷಿಗೆ ಗವಾಹಿ ಬಂದುಬಿಡುತ್ತಿತ್ತು. ಜಾಮೀನು ಕೊಡಿಸಿದರು. ಆಮೇಲೆ ನಮ್ಮ ಮೂವರನ್ನೂ ಕೂರಿಸಿಕೊಂಡು ತಿಳಿಸಿ ಹೇಳಿದರು: ಈ ಪ್ರಾಣಿಗೆ ಈಗ ಶಿಕಾರಿಯ ಇಜಾಜತ್ತೇ ಇಲ್ಲ, ಕೊಂದದ್ದು ಸಾಬೀತಾದರೆ ಆರು ತಿಂಗಳಿಗಿಂತ ಕಡಿಮೆ ಜೈಲಿಲ್ಲ. ಆದರೆ ಹೆದರಬೇಡಿ, ಮುದುಕನ ಬಳಿ ಬಂದೂಕಿಲ್ಲ, ಉರುಲಿಲ್ಲ, ಹೊಲದ ಆಳುಗಳು ಸಾಹುಕಾರನಿಗೆ ಹೆದರಿ ಬರದಿದ್ದರೂ ಕಣ್ಣಾರೆ ಕಂಡ ಸೊಸೆ ಇದ್ದಾಳೆ.

“ನೀ ಗವಾಹಿ ಹೇಳ್ತೀಯೇನವ್ವಾ? ಕೋರ್ಟಿನ್ಯಾಗ ನಾಲ್ಕ್ ಮಂದಿ ಮುಂದ ನಿಂದ್ರಬೇಕಾಗ್ತದ,” ಅಂದರು.

“ನಿಂದ್ರೂದೇನು ಬಂತ್ರೀ, ಕುಣಿಯಂದ್ರೂ ಕುಣಿತೀನಿ,” ಅಂದೆ. ವಕೀಲರು ನಕ್ಕರು. ಮಾವ ನೆಲ ನೋಡುತ್ತ ಕೂತಿದ್ದರು. ವಕೀಲರು ಅವರ ಕಡೆ ತಿರುಗಿ, “ನೀವು ಮಾತ್ರ ಬಾಯಿ ಬಿಡಬ್ಯಾಡ್ರಿ. ಮ್ಯಾಜಿಸ್ಟ್ರೇಟ್ ಸಾಹೇಬ್ರು ಕೇಳಿದ್ರ ‘ನಾ ಕೊಂದಿಲ್ಲ’ ಅನ್ರಿ, ಮುಗೀತು,” ಅಂದರು. ಮಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾತಿನ ಬಡವರು ತಾನೇ, ಅಂತ ನಾನು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ.

ಕೇಸು ಎಳೆಯಿತು. ದಿನಾಂಕ ಬೀಳುವುದು, ಬಸ್ಸು ಹತ್ತಿ ಹೋಗುವುದು, ಇನ್ನೊಂದು ದಿನಾಂಕ ಹೊತ್ತು ಬರುವುದು. ಊರಲ್ಲಿ ಕೆಲವರು ನಮ್ಮ ಮಾವನನ್ನು ಕಂಡರೆ “ಏನಪಾ ಶಿಕಾರಿ ಗೌಡಾ” ಅಂತ ತಮಾಷೆ ಮಾಡುತ್ತಿದ್ದರು. ನಾನು ಒಬ್ಬೊಬ್ಬರನ್ನೂ ತರಾಟೆಗೆ ತೆಗೆದುಕೊಂಡೆ. ಮಾವ ಮಾತ್ರ ಸುಮ್ಮನೆ ಕುರಿ ಹೊಡೆದುಕೊಂಡು ಹೋಗುವರು. ಅವರ ಹಿಂಡು ಬೇರೆ ಯಾರ ಕೂಗಿಗೂ ಓಗೊಡುತ್ತಿರಲಿಲ್ಲ. ಈ ಜೀವವನ್ನು ಆರು ತಿಂಗಳು ನಾಲ್ಕು ಗೋಡೆಯೊಳಗೆ ಕೂಡಿದರೆ ತಿರುಗಿ ಬರುವವರು ಇವರೇ ಆಗಿರುತ್ತಾರೆಯೇ ಅಂತ ನನಗೆ ಚಿಂತೆ.

ಕೊನೆಗೆ ಸಾಕ್ಷಿಯ ದಿನ ಬಂತು. ಮೊದಲು ಸಾಹುಕಾರ. ಬಿಳಿ ಧೋತರ, ಕರಿ ಕೋಟು, ದೇವರ ಮೇಲೆ ಪ್ರಮಾಣ ಮಾಡಿ ಸುಳ್ಳನ್ನು ಎಷ್ಟು ನುಣ್ಣಗೆ ಹೇಳಿದನೆಂದರೆ ಅಲ್ಲಿ ಇಲ್ಲದಿದ್ದರೆ ನಾನೂ ನಂಬುತ್ತಿದ್ದೆ. ಮುದುಕ ಬಡಿಗೆ ಎತ್ತಿದ್ದನ್ನು ನೋಡಿದೆ, ತಡೆಯಲು ಜೀಪು ಇಳಿದೆ, ನನಗೇ ಬೈದರು ಅಂದ. ಆಮೇಲೆ ನಾನು. ಸೆರಗು ಸರಿ ಮಾಡಿಕೊಂಡು ಹತ್ತಿ ನಿಂತೆ. ಬಂದೂಕಿನ ಸದ್ದು, ಜೀಪು ಹೂತದ್ದು, ಕೊಂಬು ಕೇಳಿದ್ದು, ಒಂದೂ ಬಿಡದೆ ಹೇಳಿದೆ. ಎದುರು ಪಕ್ಷದ ವಕೀಲ “ನೀವು ಮಾವನನ್ನು ಉಳಿಸಿಕೊಳ್ಳಲು ಸುಳ್ಳು ಹೇಳುತ್ತಿದ್ದೀರಿ” ಅಂದ. “ಸುಳ್ಳು ಹೇಳಾಕ ನಾನೇನು ಜೀಪಿನ್ಯಾಗ ಬಂದೀನೇನ್ರಿ? ಬಸ್ಸಿನ್ಯಾಗ ಬಂದೀನಿ!” ಅಂದೆ. ಕೋರ್ಟಿನಲ್ಲಿ ಕೂತವರು ನಕ್ಕರು, ಮ್ಯಾಜಿಸ್ಟ್ರೇಟರ ತುಟಿಯೂ ಒಂದಿಷ್ಟು ಅಲುಗಿತು. ಕೊನೆಗೆ ಅವನು ಕೇಳಿದ, “ನಿಮ್ಮ ಮಾವ ಆ ಪ್ರಾಣಿಯನ್ನು ಕೊಲ್ಲಲಿಲ್ಲ ಅಂತ ನೀವು ಪ್ರಮಾಣ ಮಾಡಿ ಹೇಳುತ್ತೀರಾ?”

“ನೂರು ಸಲ ಹೇಳ್ತೀನ್ರಿ. ಇಲಿ ಕೊಂದವರಲ್ಲ ನಮ್ಮ ಮಾವ,” ಅಂದೆ.

ಗೆದ್ದೆವು ಅನ್ನಿಸಿತು. ವಕೀಲರು ಕಣ್ಣಲ್ಲೇ ಶಭಾಷ್ ಅಂದರು. ನನ್ನ ಗಂಡ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಂಡರು.

ಎಲ್ಲರ ಸಾಕ್ಷಿ ಮುಗಿದ ಮೇಲೆ ಆರೋಪಿಯನ್ನು ಒಂದು ಮಾತು ಕೇಳುವ ಪದ್ಧತಿ ಉಂಟಂತೆ. ಮ್ಯಾಜಿಸ್ಟ್ರೇಟರು ಸಮಾಧಾನದ ಮನುಷ್ಯ. “ನೋಡಪ್ಪಾ ಹಿರಿಯಾ, ಸಾಹುಕಾರರು ಹೀಗೆ ಹೇಳಿದ್ದಾರೆ, ನಿನ್ನ ಸೊಸೆ ಹೀಗೆ ಹೇಳಿದ್ದಾಳೆ. ನೀನೇನು ಹೇಳುತ್ತೀ?” ಅಂದರು.

ಮಾವ ಕಂಬಳಿಯನ್ನು ಹೆಗಲಿನಿಂದ ತೆಗೆದು ತೋಳ ಮೇಲೆ ಹಾಕಿಕೊಂಡರು. “ಸಾವ್ಕಾರ್ರು ಹೇಳಿದ್ದು ಸುಳ್ಳುರೀ. ಗುಂಡು ಅವರದ. ನಮ್ಮ ಸೊಸಿ ಸುಳ್ಳಾಡಾಕಿ ಅಲ್ರೀ, ಆಕಿ ಕಂಡಿದ್ದು ಹೇಳ್ಯಾಳ. ಆದ್ರ ಆಕಿ ಕಾಣಲಾರದ್ದು ಒಂದ್ ಅದರೀ. ಚಿಗರಿ ಕೊಂದಾಂವ ನಾನ.”

ವಕೀಲರು ಎದ್ದು ನಿಂತು, “ಸ್ವಾಮಿ, ಮುದುಕರಿಗೆ ಗಾಬರಿಯಾಗಿದೆ” ಅಂದರು. ಮಾವ ಅವರ ಕಡೆಗೆ ಕೈಮುಗಿದರು. “ಗಾಬರಿ ಇಲ್ರೀ ವಕೀಲ್ರ. ಹೊಟ್ಟಿ ಹರದಿತ್ತುರೀ, ಕರಳು ಹೊರಗ ಬಂದಿತ್ತು. ಉಳಿಯಂಗಿರಲಿಲ್ಲ, ಸಾಯಾಕೂ ಆಗವಲ್ದು. ಸೊಸಿನ್ನ ಹಳ್ಳಕ್ಕ ಕಳಿಸಿದೆ. ಕತ್ತಿ ಹಾಕಿದೆ. ಕುರಿಗೂ ಹಂಗ ಮಾಡ್ತೀವ್ರಿ, ನೋವು ತಿನ್ನಾಕ ಬಿಡಂಗಿಲ್ಲ.”

ಹಿಂಡು ಹೊಡೆದುಕೊಂಡು ನಡಿ ಅಂದಿದ್ದರಲ್ಲ! ಆಗ ಹೊಳೆಯಿತು. ಕುರಿ ಬದುಕುವ ಹಾಗಿಲ್ಲದಾಗ ಮಾವ ಹೆಂಗಸರನ್ನೂ ಮಕ್ಕಳನ್ನೂ ಏನಾದರೂ ನೆಪ ಹೇಳಿ ಆಚೆ ಕಳಿಸುತ್ತಿದ್ದರು, ಆ ಕೆಲಸ ಒಬ್ಬರೇ ಮಾಡುತ್ತಿದ್ದರು, ಆಮೇಲೆ ಅದರ ಮಾತೆತ್ತುತ್ತಿರಲಿಲ್ಲ. ನಾನು ಅದನ್ನು ಎಷ್ಟು ಸಲ ಕಂಡಿರಲಿಲ್ಲ? ಆದರೂ ಚಿಗರಿಯ ವಿಷಯದಲ್ಲಿ ನನಗೆ ಅದು ಹೊಳೆದೇ ಇರಲಿಲ್ಲ. ಗುಂಡು ಬಿದ್ದದ್ದು ಕಂಡಿದ್ದೆ, ಅದರಿಂದಲೇ ಸತ್ತಿತು ಅಂದುಕೊಂಡಿದ್ದೆ.

ಮ್ಯಾಜಿಸ್ಟ್ರೇಟರು ಬಹಳ ಹೊತ್ತು ಪುಸ್ತಕ ತಿರುವಿದರು. ಅವರಿಗೆ ಬಿಡಲು ಮನಸ್ಸಿತ್ತು, ದೇವರಾಣೆಗೂ ಇತ್ತು, ಮುಖದಲ್ಲೇ ಕಾಣುತ್ತಿತ್ತು. “ಗುಣವಾಗದ ಹಾಗೆ ಗಾಯಗೊಂಡ ಪ್ರಾಣಿಯನ್ನು ಕೊಲ್ಲಲು ಕಾಯಿದೆಯಲ್ಲಿ ಅವಕಾಶ ಇದೆ. ಆದರೆ ಅದಕ್ಕೆ ಮೇಲಿನ ಅಧಿಕಾರಿಯ ಪರವಾನಗಿ ಬರವಣಿಗೆಯಲ್ಲಿ ಬೇಕು. ನೀನು ಪರವಾನಗಿ ತೆಗೆದುಕೊಂಡಿದ್ದೆಯಾ?” ಅಂದರು.

“ಯಾರ್ನ ಕೇಳಬೇಕಿತ್ರೀ?”

“ಅವರ ಕಚೇರಿ ಬೆಂಗಳೂರಿನಲ್ಲಿದೆ.”

ನಾನು ಅಲ್ಲಿಯೇ ಬಾಯಿಬಾಯಿ ಬಡಿದುಕೊಂಡೆ: “ಕರಳು ಹೊರಗ ಬಿದ್ದದ್ದು ಬೆಂಗಳೂರಿಂದ ಕಾಗದ ಬರೂತನ ಕಾಯ್ತೈತೇನ್ರಿ ಸಾಹೇಬ್ರ?” ಪೊಲೀಸಿನವನು ನನ್ನನ್ನು ಹೊರಗೆ ಕಳಿಸಿದ.

ಆರು ತಿಂಗಳು. ಇದಕ್ಕಿಂತ ಕಡಿಮೆ ಕೊಡಲು ನನಗೆ ಅಧಿಕಾರವಿಲ್ಲ ಅಂದರಂತೆ ಮ್ಯಾಜಿಸ್ಟ್ರೇಟರು, ನನ್ನ ಗಂಡ ಹೊರಗೆ ಬಂದು ಹೇಳಿದರು. ಸಾಹುಕಾರನ ಗುಂಡಿನ ವಿಷಯ ಬೇರೆ ವಿಚಾರಣೆ ಆಗಬೇಕು ಅಂದರಂತೆ. ಅದು ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ ಕೇಳಲು ಹೋದಾಗಲೆಲ್ಲ ಬೇರೆ ಕಚೇರಿಯ ದಾರಿ ತೋರಿಸಿದರು.

ಮಾವನನ್ನು ಕರೆದುಕೊಂಡು ಹೋಗುವಾಗ ಕೋರ್ಟಿನ ಪಡಸಾಲೆಯಲ್ಲಿ ಅಡ್ಡ ನಿಂತೆ. ದುಃಖಕ್ಕಿಂತ ಸಿಟ್ಟು ಹೆಚ್ಚಿತ್ತು. “ಯಪ್ಪಾ, ಯಾಕ ಹೇಳಿದ್ರಿ? ಇಲ್ಲ ಅಂದಿದ್ರ ಮನಿಗೆ ಬರ್ತಿದ್ರಿ! ಯಾರೂ ನೋಡಿದ್ದಿಲ್ಲ!”

“ಅದು ನೋಡಿತ್ತಲ್ಲವ್ವಾ,” ಅಂದರು. “ನನ್ನ ಮಾರಿನ ನೋಡಿಕೋಂತ ಹೋತು.”

ಹೊರಗೆ ಸಾಹುಕಾರನ ಜೀಪು ನಿಂತಿತ್ತು. ನಮ್ಮನ್ನು ಕಂಡು ಏನೂ ಆಗದವನ ಹಾಗೆ, “ಬಾ ತಂಗಿ, ದೇವದುರ್ಗದ ತನಕ ಬಿಡ್ತೀನಿ, ಗಾಡಿ ಖಾಲಿ ಅದ,” ಅಂದ. ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲು ಬರುವುದಿಲ್ಲ. ಕೋರ್ಟಿನ ಮುಂದೆ ಚಹಾ ಮಾರುವವನು ಕೈಯಲ್ಲಿನ ಕಪ್ಪು ಬಿಟ್ಟಿದ್ದ, ಅಷ್ಟು ಹೇಳಿದರೆ ಸಾಕು.

ಆರು ತಿಂಗಳು ನನ್ನ ಗಂಡ ಜಿನ್ನಿನ ಕೆಲಸ ಬಿಟ್ಟು ಬಂದು ಹಿಂಡು ಕಾದರು. ಮಾವ ತಿರುಗಿ ಬಂದರು. ಬಡವಾಗಿದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಮರುದಿನ ಬೆಳಗ್ಗೆಯೇ ಕಂಬಳಿ ಹೆಗಲಿಗೆ ಹಾಕಿಕೊಂಡು ಹಟ್ಟಿಗೆ ಹೋದರು. ಸದ್ಯ, ಎಲ್ಲ ಮೊದಲಿನ ಹಾಗಾಯಿತು ಅಂತ ನಾನು ದೇವರಿಗೆ ಕಾಯಿ ಒಡೆಸಿದೆ.

ಒಂದು ವರ್ಷ ಹೋಗಿರಬಹುದು. ಮಧ್ಯಾಹ್ನ ಬುತ್ತಿ ಹೊತ್ತು ಹೋದೆ. ರಸ್ತೆಯ ಬದಿಗೆ ಮಾವ ಕೂತಿದ್ದರು, ಮುಂದೆ ಒಂದು ಕುರಿ ಬಿದ್ದಿತ್ತು. ಬೆಳಗ್ಗೆ ಲಾರಿ ಬಡಿದು ಹೋಗಿತ್ತಂತೆ. ಸೊಂಟ ಮುರಿದಿತ್ತು, ಹಿಂದಿನ ಅರ್ಧ ಸತ್ತ ಹಾಗೆ, ಮುಂದಿನ ಅರ್ಧ ಏಳಲು ಹೆಣಗುತ್ತಿತ್ತು. ಅದರ ದನಿ ಕೂಗಿ ಕೂಗಿ ಒಡೆದಿತ್ತು. ಬೆಳಗ್ಗೆಯಿಂದ ಹೀಗೇ ಇದೆ ಅಂತ ನೋಡಿದ ಕೂಡಲೇ ತಿಳಿಯುತ್ತಿತ್ತು. ಕತ್ತಿ ಮಾವನ ತೊಡೆಯ ಮೇಲಿತ್ತು.

“ಯಪ್ಪಾ! ಯಾಕ ಹಿಂಗ ಕುಂತೀರಿ? ಮುಗಸ್ರಿ ಅದರ ನೋವು!”

ಅವರು ನನ್ನ ಕಡೆ ನೋಡಿದರು. ಆ ಕಣ್ಣುಗಳಲ್ಲಿ ಅಂಥ ಹೆದರಿಕೆಯನ್ನು ನಾನು ಬಂದೂಕಿನ ಮುಂದೆಯೂ ಕಂಡಿರಲಿಲ್ಲ, ಬೇಡಿ ಹಾಕಿದಾಗಲೂ ಕಂಡಿರಲಿಲ್ಲ. “ಪರವಾನಗಿ ಬೇಕಂತಲ್ಲವ್ವಾ,” ಅಂದರು.

ಬುತ್ತಿ ಕೆಳಗಿಟ್ಟೆ. ಪಕ್ಕದಲ್ಲಿ ಕೂತು, ಮಗುವಿಗೆ ತಿಳಿಸಿದ ಹಾಗೆ ಹೇಳಿದೆ. “ಅದು ಅಡವಿ ಪ್ರಾಣಿಗ್ರೀ, ಯಪ್ಪಾ. ಕುರಿಗೆ ಯಾರ್ನೂ ಕೇಳಬೇಕಾಗಿಲ್ಲ. ಇದು ನಮ್ದು.”

“ಚಿಗರೀನೂ ನಮ್ದ ಅಂತ ತಿಳಿದಿದ್ದೆನವ್ವಾ,” ಅಂದರು.

ಎಷ್ಟು ಹೇಳಿದರೂ ಅವರ ಕೈ ಏಳಲಿಲ್ಲ. ಕತ್ತಿಯ ಮೇಲೆ ಬೆರಳಿಡುವರು, ರಸ್ತೆಯ ಕಡೆ ನೋಡುವರು, ತೆಗೆಯುವರು. ಕುರಿ ಒದರುತ್ತಲೇ ಇತ್ತು. ನಾನು ಅಲ್ಲಿಯ ತನಕ ಕೋಳಿ ಕೊಯ್ದವಳೂ ಅಲ್ಲ. ಅವರ ತೊಡೆಯ ಮೇಲಿನ ಕತ್ತಿ ತೆಗೆದುಕೊಂಡೆ.

“ನೀವು ಹಿಂಡು ಹೊಡ್ಕೊಂಡು ಹಳ್ಳದ ಕಡಿ ನಡೀರಿ, ಯಪ್ಪಾ. ನೀರು ಕುಡಿಸ್ಕೊಂಡು ಬರ್ರಿ,” ಅಂದೆ.

ಅವರು ಎದ್ದು ಹೋದರು. ಒಂದು ಸಲವೂ ತಿರುಗಿ ನೋಡಲಿಲ್ಲ.